ಹುಚ್ಚು ನೀರಿಗೆ ಮುದ್ದೆ

ನಮ್ಮ ಮಾವ ದೊಡ್ಡಬೈರಪ್ಪನವರಿಗೆ ಮುದ್ದೆ ಇಲ್ಲದ ಊಟ ಊಟವೇ ಅಲ್ಲ. ಮದುವೆಮನೆಯಲ್ಲಿ ಹೊಟ್ಟೆ ಬಿರಿಯ ಉಂಡು ಬಂದರೂ ಮನೆಯಲ್ಲಿ ಅರ್ಧ ಮುದ್ದೆ ನುಂಗಿದ ಮೇಲೆಯೇ ಅವರಿಗೆ ಸಮಾಧಾನ. ಅಂಥವರ ನಾಲಿಗೆಯ ಮೇಲೆ ನನ್ನ ಹಣೆಬರಹ ನಿಂತಿತ್ತು.

ಎರಡು ಸಾವಿರದ ಮೂರನೇ ಇಸವಿ. ಚಾಮರಾಜಪೇಟೆಯ ನಮ್ಮ ಮನೆಯ ಕೆಳಗೆ ಒಂದು ಮಳಿಗೆ ಖಾಲಿಯಿತ್ತು. ಅಲ್ಲೊಂದು ಪುಟ್ಟ ಹೋಟೆಲು ಇಡಬೇಕೆಂದು ನನ್ನ ಆಸೆ. ಮದುವೆಗೆ ಮುಂಚೆ ದೊಡ್ಡ ಹೋಟೆಲೊಂದರಲ್ಲಿ ಇಟಾಲಿಯನ್ ಅಡುಗೆ ಮಾಡುತ್ತಿದ್ದವಳು, ಈಗ ಮನೆಯಲ್ಲಿ ಬಸ್ಸಾರಿಗೆ ಒಗ್ಗರಣೆ ಹಾಕುತ್ತಾ ಕೂತಿದ್ದೆ. ಬಸ್ಸಾರಿನ ಮೇಲೆ ನನಗೇನೂ ಕೋಪವಿಲ್ಲ, ಕೂತಿದ್ದರ ಮೇಲೆ ಕೋಪ. ಅಷ್ಟರಲ್ಲಿ ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯ ಗಂಗಾಧರಯ್ಯನವರು ಗೋಡೌನಿಗೆಂದು ಆ ಮಳಿಗೆಯನ್ನು ಕೇಳಿದರು. ಸೋಮವಾರ ಬೀಗದಕೈ ಕೊಡುವುದೆಂದು ಮಾತಾಯಿತು.

ನಾನು ಹೋಗಿ ಮಾವನವರ ಎದುರು ನಿಂತು, ಮಳಿಗೆ ನನಗೇ ಕೊಡಿ, ಇಟಲಿ ಊಟದ ಹೋಟೆಲು ಇಡುತ್ತೇನೆ ಎಂದೆ. ನನ್ನ ಗಂಡ ನಿಶಾಂತ್ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

"ಅದನ್ನೆಲ್ಲ ನಮ್ ಜನ ತಿಂತಾರೇನಮ್ಮ ಪ್ರತಿಭಾ?" ಎಂದರು ಮಾವ.

"ನೀವು ತಿಂದ್ರೆ ಎಲ್ರೂ ತಿಂತಾರೆ, ಮಾವ."

ಅವರಿಗೆ ನಗು ಬಂತು. "ಸರಿ, ಭಾನುವಾರ ಮಾಡು. ಪಾತ್ರೆ ತಳ ಕಂಡ್ರೆ ಮಳಿಗೆ ನಿಂದು. ಒಂದು ಸೌಟು ಉಳಿದ್ರೂ ಗಂಗಾಧರಯ್ಯನೋರ್ದು."

"ಆಗ್ಲಿ. ಆದ್ರೆ ಅವತ್ತು ಮನೇಲಿ ಮುದ್ದೆ ಮಾಡಂಗಿಲ್ಲ."

ಮುದ್ದೆಯಿದ್ದರೆ ಅದರಲ್ಲೇ ಹೊಟ್ಟೆ ತುಂಬಿಸಿಕೊಂಡು ನಾನು ಮಾಡಲಿದ್ದ ಮೀನನ್ನು ಮೂಸಿಯೂ ನೋಡುವುದಿಲ್ಲ ಎಂದು ನನ್ನ ಎಣಿಕೆ. ಮಾವ ಒಪ್ಪಿದರು.

ಭಾನುವಾರ ಬೆಳಿಗ್ಗೆಯೇ ರಸೆಲ್ ಮಾರ್ಕೆಟ್ಟಿಗೆ ಹೋಗಿ ಕಾಣೆ ಮೀನು, ಒಂದು ಚೀಲ ಕಪ್ಪೆಚಿಪ್ಪು ತಂದೆ. ನಾನು ಮಾಡಬೇಕೆಂದಿದ್ದು ಇಟಲಿಯ ಬೆಸ್ತರ ಅಡುಗೆ. ಆಲಿವ್ ಎಣ್ಣೆಯಲ್ಲಿ ಬೆಳ್ಳುಳ್ಳಿ, ಟೊಮೆಟೊ, ಒಂದಿಷ್ಟು ನೀರು, ಅದರಲ್ಲಿ ಮೀನು ಮತ್ತು ಚಿಪ್ಪು. ಅಲ್ಲಿಯವರು ಇದನ್ನು ಹುಚ್ಚು ನೀರು ಎನ್ನುತ್ತಾರೆ. ಹುಣಸೆಯಿಲ್ಲ, ಮಸಾಲೆಯಿಲ್ಲ. ಮೀನು ಬೆಳ್ಳಗೆ ಕಾಣಬೇಕು, ಅದೇ ಅದರ ಚೆಂದ.

ಮೀನು ತೊಳೆದಿಟ್ಟು, ಬ್ರೆಡ್ ತರಲು ಅಯ್ಯಂಗಾರ್ ಬೇಕರಿಗೆ ಹೋದೆ. ಬರುವಷ್ಟರಲ್ಲಿ ನಮ್ಮ ಅತ್ತೆ ಪಿಳ್ಳಮ್ಮನವರು ಮೀನಿಗೆಲ್ಲ ಅರಿಶಿನ, ಉಪ್ಪು ಹಚ್ಚಿ ಚೆನ್ನಾಗಿ ತಿಕ್ಕಿಟ್ಟಿದ್ದರು.

"ಅತ್ತೆ, ಏನ್ಮಾಡಿದ್ರಿ ಇದು?"

"ನೀನು ಬರೀ ನೀರಲ್ಲಿ ತೊಳ್ದಿಟ್ಟಿದ್ದೆ ಕಣವ್ವ. ಅಷ್ಟಕ್ಕೇ ವಾಸನೆ ಹೋಯ್ತದಾ? ಗಡಿಬಿಡೀಲಿ ಮರ್ತಿದ್ದೀಯ ಅಂತ ನಾನೇ ಹಾಕ್ದೆ."

ಮುಖದಲ್ಲಿ ಸೊಸೆಗೆ ಉಪಕಾರ ಮಾಡಿದ ಸಂತೋಷ. ಬೈಯುವುದಾದರೂ ಹೇಗೆ? ಮತ್ತೆ ಮತ್ತೆ ತೊಳೆದೆ. ಅರಿಶಿನ ಬಿಡುತ್ತದೆಯೇ? ಮೀನು ಎಣ್ಣೆಶಾಸ್ತ್ರಕ್ಕೆ ಕೂತ ಮದುಮಗಳ ಹಾಗೆ ಹಳದಿಯಾಗಿತ್ತು. ಬೇರೆ ತರಲು ಹೊತ್ತಿರಲಿಲ್ಲ. ಅಳು ಬಂತು. ಅಳುತ್ತಲೇ ಒಲೆ ಹಚ್ಚಿದೆ.

ಉಪ್ಪು ಮಾತ್ರ ಹಾಕಲಿಲ್ಲ. ಅತ್ತೆ ತಿಕ್ಕಿದ್ದರಲ್ಲ, ಅದರ ಜೊತೆಗೆ ಚಿಪ್ಪೂ ತನ್ನ ಉಪ್ಪು ಬಿಡುತ್ತದೆ. ಮುಚ್ಚಳದ ಕೆಳಗೆ ಚಿಪ್ಪುಗಳು ಒಂದೊಂದಾಗಿ ಬಾಯಿ ತೆರೆದವು. ಸಾರು ಬಂಗಾರದ ಬಣ್ಣಕ್ಕೆ ತಿರುಗಿತ್ತು. ಒಂದು ಚಮಚ ಬಾಯಿಗಿಟ್ಟು ನೋಡಿದೆ. ನನ್ನ ಅಳು ನಿಂತಿತು.

ಮಾವ ತಟ್ಟೆಯನ್ನು ಅನುಮಾನದಿಂದಲೇ ನೋಡಿದರು. "ಪರವಾಗಿಲ್ಲ, ಬಣ್ಣ ನಮ್ ಮೀನ್ ಸಾರಿನಂಗೇ ಅದೆ," ಎಂದು ಕೈ ಹಾಕಿದರು. ಆಮೇಲೆ ಎರಡು ಸಲ ಬಡಿಸಿಕೊಂಡರು. ನಿಶಾಂತ್ ಮುಳ್ಳನ್ನೂ ಚೀಪಿದ. ತಟ್ಟೆಯ ಪಕ್ಕ ಚಿಪ್ಪು ರಾಶಿಬಿತ್ತು. ಮೀನು ಮುಗಿಯಿತು, ಬ್ರೆಡ್ಡೂ ಮುಗಿಯಿತು. ಆದರೆ ಪಾತ್ರೆಯಲ್ಲಿ ಇನ್ನೂ ಎರಡು ಸೌಟು ಸಾರು ಉಳಿದಿತ್ತು.

ಮಾವ ಪಾತ್ರೆಗೆ ಇಣುಕಿ ನೋಡಿ ನಿಟ್ಟುಸಿರು ಬಿಟ್ಟರು. "ಎಂಥ ಸಾರು. ಒಂದು ಮುದ್ದೆ ಇದ್ದಿದ್ರೆ ಇದನ್ನ ಬಿಡ್ತಿರ್ಲಿಲ್ಲ ನಾನು."

ಮುದ್ದೆ ಬೇಡವೆಂದವಳು ನಾನೇ. ನನ್ನ ಕಾಲಿನ ಮೇಲೆ ನಾನೇ ಕಲ್ಲು ಹಾಕಿಕೊಂಡಿದ್ದೆ.

ಅತ್ತೆ ಸದ್ದಿಲ್ಲದೆ ಎದ್ದು ಹೋಗಿ, ಅಕ್ಕಿ ಡಬ್ಬದ ಹಿಂದಿನಿಂದ ಹಾಟ್‌ಬಾಕ್ಸ್ ತಂದು ನನ್ನ ಮುಂದಿಟ್ಟರು. "ಎಲ್ಲಿ ಉಪವಾಸ ಎದ್ದೋಯ್ತರೋ ಅಂತ ಕದ್ದು ಮಾಡಿಟ್ಟಿದ್ದೆ. ಬೈಬೇಡ ಕಣವ್ವ."

ಒಳಗೆ ಎರಡು ಮುದ್ದೆ, ಇನ್ನೂ ಹಬೆಯಾಡುತ್ತಿದ್ದವು. ಬೈಯುವುದಿರಲಿ, ಅವರ ಕಾಲಿಗೆ ಬೀಳಬೇಕೆನಿಸಿತು. ನಾನೇ ಮಾವನವರ ತಟ್ಟೆಗೆ ಬಡಿಸಿದೆ. ಅವರು ಸಾರು ಸುರಿದುಕೊಂಡು ಎರಡೂ ಮುದ್ದೆ ನುಂಗಿದರು. ಕೊನೆಯ ತುತ್ತನ್ನು ಪಾತ್ರೆಗೇ ಒರೆಸಿ ಬಾಯಿಗಿಟ್ಟುಕೊಂಡು, ಪಾತ್ರೆಯನ್ನು ನನ್ನ ಕಡೆ ವಾಲಿಸಿ ತೋರಿಸಿದರು. ತಳ ಫಳಫಳ ಹೊಳೆಯುತ್ತಿತ್ತು.

ಕೈ ತೊಳೆದವರೇ ಗಂಗಾಧರಯ್ಯನವರಿಗೆ ಫೋನ್ ಮಾಡಿದರು.

"ತಪ್ಪು ತಿಳ್ಕೋಬೇಡಿ ಸ್ವಾಮಿ, ಮಳಿಗೆ ಕೊಡಕ್ಕಾಗಲ್ಲ. ನಮ್ ಸೊಸೆ ಹೋಟ್ಲು ಇಡ್ತಾವ್ಳೆ. ಹೂಂ, ಇಟಲಿ ಊಟ." ಒಂದು ಕ್ಷಣ ಅತ್ತೆಯ ಕಡೆ ನೋಡಿದರು. "ಮುದ್ದೇನೂ ಸಿಗ್ತದೆ."

ಆ ಮಾತಿಗೆ ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಬೇಡವೆನ್ನುತ್ತಿರಲಿಲ್ಲ. ಮಾವ ಮೊಳೆಯಲ್ಲಿದ್ದ ಬೀಗದಕೈ ತೆಗೆದು ನನ್ನ ಅಂಗೈಯಲ್ಲಿಟ್ಟರು. ಆ ಕೈಯ ತುಂಬ ಇನ್ನೂ ಅರಿಶಿನವಿತ್ತು.