ಒಂದು ಛಾಯೆ ಹೆಚ್ಚು ಬಿಳುಪು

ಹಲ್ಲುಮೇಸ್ತ್ರಿಯ ಮಗಳಿಗೆ ಎರಡು ಕಾಲೇಜುಗಳಲ್ಲಿ ಸೀಟು ಸಿಕ್ಕಿತ್ತು. ಒಂದು ಮನೆಯಿಂದ ಬಸ್ಸಿನಲ್ಲಿ ನಲವತ್ತು ನಿಮಿಷ. ಇನ್ನೊಂದಕ್ಕೆ ರೈಲಿನಲ್ಲಿ ಒಂದು ಹಗಲು, ಒಂದು ರಾತ್ರಿ. ಹತ್ತಿರದ್ದರಲ್ಲಿ ರಸಾಯನಶಾಸ್ತ್ರ ಓದಬಹುದಿತ್ತು, ದೂರದ್ದರಲ್ಲಿ ಸಮುದ್ರ. ಸಮುದ್ರ ಓದುವುದೆಂದರೇನು ಎಂದು ಅಜ್ಜಿ ಕೇಳಿದಾಗ, "ಹಡಗಲ್ಲಿ ಹೋಗಿ ನೀರು ತಂದು ನೋಡೋದು" ಎಂದಿದ್ದಳು. "ನೀರು ನೋಡೋಕೆ ಅಷ್ಟು ದೂರ ಹೋಗ್ಬೇಕಾ? ನಲ್ಲಿ ತಿರುಗಿಸಿದ್ರೆ ಬರುತ್ತಲ್ಲ" ಎಂದು ಅಜ್ಜಿ, ಮಗ ಕಟ್ಟಿಕೊಟ್ಟ ಹಲ್ಲುಗಳನ್ನೆಲ್ಲ ತೋರಿಸಿ ನಕ್ಕಿದ್ದಳು. ಶುಕ್ರವಾರದೊಳಗೆ ಯಾವುದಾದರೂ ಒಂದಕ್ಕೆ ಒಪ್ಪಿಗೆ ಕಳಿಸಬೇಕಿತ್ತು. ಮನಸ್ಸೆಲ್ಲ ಹಡಗಿನ ಮೇಲೆ, ಆದರೂ ಹುಡುಗಿ ಮೀನಮೇಷ ಎಣಿಸುತ್ತಿದ್ದಳು. ಕಾರಣ ಅವಳೊಬ್ಬಳಿಗೇ ಗೊತ್ತಿತ್ತು.

ಅಪ್ಪನದು ಹಲ್ಲು ಕೀಳುವ ಕೆಲಸವಲ್ಲ, ಕಟ್ಟುವ ಕೆಲಸ. ಅದಕ್ಕೇ ಬೀದಿಯವರು ಇಟ್ಟ ಹೆಸರು ಹಲ್ಲುಮೇಸ್ತ್ರಿ. ಊರಿನ ದಂತವೈದ್ಯರೆಲ್ಲ ಮುರಿದ ಹಲ್ಲಿನ ಸೆಟ್ಟುಗಳನ್ನು ರಿಪೇರಿಗೆ ಕಳಿಸುತ್ತಿದ್ದುದು ಅವನಲ್ಲಿಗೇ. ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿಗೆ ತಾಗಿಸಿ ಉದ್ದನೆಯ ಮೇಜು, ಅದರಡಿ ಹದಿನಾರು ಪುಟ್ಟ ಡ್ರಾಯರ್, ಒಂದೊಂದರಲ್ಲಿ ಒಂದೊಂದು ಛಾಯೆಯ ಹಲ್ಲು. ಮೊದಲನೆಯದು ಹಾಲಿನಷ್ಟು ಬಿಳಿ, ಹದಿನಾರನೆಯದು ಐವತ್ತು ವರ್ಷ ಬೀಡಿ ಸೇದಿದವರ ಹಲ್ಲಿನ ಬಣ್ಣ. ಹೊಸ ಹಲ್ಲು ಅಕ್ಕಪಕ್ಕದ್ದಕ್ಕೆ ಹೊಂದದಿದ್ದರೆ ನಕ್ಕವರ ಮಾನ ಹೋಗುತ್ತದೆ. ಬಲ್ಬಿನ ಬೆಳಕನ್ನು ನಂಬುವಂತಿಲ್ಲ. ಹಾಗಾಗಿ ಅಪ್ಪ ನಾಲ್ಕು ಗಂಟೆಯ ಹಗಲ ಬೆಳಕಿನಲ್ಲೇ ಹಲ್ಲು ಆರಿಸಿ, ಟ್ರೇಯಲ್ಲಿ ಆಯಾ ಸೆಟ್ಟಿನ ಪಕ್ಕ ಇಟ್ಟು, ಕೂರಿಸುವ ಕೆಲಸವನ್ನು ಬೆಳಿಗ್ಗೆಗೆ ಬಿಡುತ್ತಿದ್ದ.

ಎರಡು ವರ್ಷದ ಹಿಂದೆ ಒಂದು ಸಂಜೆ ಮಗಳು ಆ ಟ್ರೇ ನೋಡಿದಳು. ಆರರಲ್ಲಿ ನಾಲ್ಕು ತಪ್ಪು. ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಹೇಳಿದರೆ ಕುಸಿದುಹೋಗುತ್ತಾನೆಂದು ಹೆದರಿ, ಅವನು ಕೈ ತೊಳೆಯಲು ಎದ್ದಾಗ ತುಟಿಪಿಟಕ್ಕೆನ್ನದೆ ಹಲ್ಲು ಬದಲಾಯಿಸಿಟ್ಟಳು. ಅಂದಿನಿಂದ ದಿನವೂ ಐದಕ್ಕೆ ಬಂದು ಮೇಜಿನ ಪಕ್ಕ ಕೂರುವುದು, ಅದೂ ಇದೂ ಮಾತಾಡುವುದು, ಅಪ್ಪ ಎದ್ದ ಕೂಡಲೇ ಕೈಚಳಕ ತೋರಿಸುವುದು. ಅಮ್ಮ ನರ್ಸ್, ಅವಳದು ಸಂಜೆ ಪಾಳಿ. ಅಜ್ಜಿ ರೇಡಿಯೋ ಹಿಡಿದು ಕೂತರೆ ಮನೆಗೆ ಬೆಂಕಿ ಬಿದ್ದರೂ ಏಳುವವಳಲ್ಲ. ಹಾಗಾಗಿ ಗುಟ್ಟು ಗುಟ್ಟಾಗಿಯೇ ಉಳಿಯಿತು. ಆರು ತಿಂಗಳ ಹಿಂದೆ ಅಮ್ಮ ಪಟ್ಟು ಹಿಡಿದು ಅಪ್ಪನ ಎರಡೂ ಕಣ್ಣಿನ ಪೊರೆ ತೆಗೆಸಿದಳು. ಅಷ್ಟಾದರೂ ಟ್ರೇಯಲ್ಲಿ ತಪ್ಪು ನಿಲ್ಲಲಿಲ್ಲ. "ಇನ್ನೂ ಒಂಥರಾ ಮಂಜು ಮಂಜು" ಎನ್ನುತ್ತಿದ್ದ ಅಪ್ಪ.

ಹೀಗಿರುವಾಗ ದೂರ ಹೋಗುವುದು ಹೇಗೆ? ಹತ್ತಿರದ ಕಾಲೇಜಾದರೆ ನಾಲ್ಕೂಮುಕ್ಕಾಲಿಗೆಲ್ಲ ಮನೆ ಸೇರಬಹುದು. ಬಸ್ಸಿನ ವೇಳೆಯನ್ನೂ ವಿಚಾರಿಸಿಟ್ಟಿದ್ದಳು. ಮೂವತ್ತು ವರ್ಷ ದುಡಿದು ಗಳಿಸಿದ ಹೆಸರು ತಾನು ರೈಲು ಹತ್ತಿದ ತಿಂಗಳೊಪ್ಪತ್ತಿನಲ್ಲಿ ಮಣ್ಣುಪಾಲಾಗುವುದು ಅವಳಿಗೆ ಬೇಕಿರಲಿಲ್ಲ.

ಆದರೂ ಸುಮ್ಮನೆ ಸೋಲುವ ಜಾಯಮಾನದವಳಲ್ಲ. ಅಪ್ಪನ ಕಣ್ಣು ಎಷ್ಟರ ಮಟ್ಟಿಗೆ ಕೆಟ್ಟಿದೆಯೆಂದು ಅಳೆದೇ ಬಿಡೋಣ ಎಂದುಕೊಂಡು ಬುಧವಾರ ಸಂಜೆ ಟ್ರೇ ಎಳೆದುಕೊಂಡಳು. ಏಳು ಸೆಟ್ಟಿನಲ್ಲಿ ಮೂರು ತಪ್ಪು. ಎಂಟು ಇರಬೇಕಾದಲ್ಲಿ ಏಳು, ಹನ್ನೊಂದರ ಜಾಗದಲ್ಲಿ ಹತ್ತು, ಐದರ ಜಾಗದಲ್ಲಿ ನಾಲ್ಕು. ಮೂರೂ ಒಂದೇ ಒಂದು ಛಾಯೆ ಹೆಚ್ಚು ಬಿಳುಪು. ನಿನ್ನೆಯದೂ ಹಾಗೆಯೇ ಇತ್ತು, ಮೊನ್ನೆಯದೂ. ಪೊರೆ ಇದ್ದ ಕಾಲದಲ್ಲಿ ಅಪ್ಪನ ತಪ್ಪುಗಳು ಕುಡಿದವನ ನಡಿಗೆಯಂತೆ ಒಮ್ಮೆ ಅತ್ತ, ಒಮ್ಮೆ ಇತ್ತ ಹೋಗುತ್ತಿದ್ದವು. ಇವು ಸಾಲು ಹಿಡಿದು ನಿಂತಿದ್ದವು. ಪ್ರತಿ ಸಲವೂ ಎಂಟನ್ನು ಬಿಟ್ಟು ಸರಿಯಾಗಿ ಏಳನ್ನೇ ಎತ್ತಬೇಕಾದರೆ ಎಂಟು ಯಾವುದೆಂದು ಗೊತ್ತಿರಲೇಬೇಕು.

ಅವಳಿಗೆ ಸಿಟ್ಟು ಬಂತು, ಕಣ್ಣಲ್ಲಿ ನೀರು ತರಿಸುವಂಥ ಸಿಟ್ಟು.

ಅಪ್ಪ ಕೈ ಒರೆಸಿಕೊಳ್ಳುತ್ತ ಬಂದ. ಅವಳು ಒಂದು ಹಲ್ಲು ಎತ್ತಿ ಹಿಡಿದಳು. "ಇದು ಎಷ್ಟನೇದಪ್ಪ?"

ಅಪ್ಪ ಹಲ್ಲು ನೋಡಿದ, ಮಗಳ ಮುಖ ನೋಡಿದ. ಏನೋ ಸಬೂಬು ಹೇಳಲು ಬಾಯಿ ತೆರೆದವನು ಹಾಗೇ ಸ್ಟೂಲಿನ ಮೇಲೆ ಕೂತ. "ಏಳು. ಅಲ್ಲಿಗೆ ಬೇಕಾಗಿರೋದು ಎಂಟು."

"ಯಾವಾಗಿಂದ ಕಾಣ್ತಿದೆ?"

"ಕಣ್ಣಿನ ಪಟ್ಟಿ ಬಿಚ್ಚಿದ ವಾರದಿಂದ. ಬೆಳಿಗ್ಗೆ ಟ್ರೇ ನೋಡ್ತೀನಿ, ಆಪರೇಷನ್ನಿಗೆ ಮುಂಚೆ ಮಂಜುಗಣ್ಣಲ್ಲಿ ನಾನಿಟ್ಟ ಹಲ್ಲೇ ಬೇರೆ, ಅಲ್ಲಿರೋದೇ ಬೇರೆ. ಯಾರ ಕೆಲಸ ಅಂತ ಆಗ ಗೊತ್ತಾಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಾಳೆ ಹೇಳೋಣ, ನಾಳೆ ಹೇಳೋಣ ಅಂತ ಆರು ತಿಂಗಳಾಯ್ತು." ಅಪ್ಪ ಟವೆಲನ್ನು ಮಡಚಿದ, ಬಿಚ್ಚಿದ. "ಎಲ್ಲಾ ಸರಿಯಾಗಿಟ್ರೆ ನಿಂಗೆ ಇಲ್ಲಿ ಏನು ಕೆಲಸ? ಒಂದಿನ ಬರಲ್ಲ, ಆಮೇಲೆ ಯಾವತ್ತೂ ಬರಲ್ಲ. ಬೆಳಿಗ್ಗೆಯಿಂದ ನನ್ ಜೊತೆ ಇರೋದು ಬರೀ ಬೇರೆಯವರ ಬಾಯಿ. ಅದೂ ಮಾತಾಡದೇ ಇರೋ ಬಾಯಿ."

ಅವಳಿಗೆ ನಗು ಬಂತು. ನಗು ಬಂದಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. "ನಿನ್ ಕಣ್ಣಿಗೋಸ್ಕರ ಆ ಬಸ್ಸಿನ ಕಾಲೇಜಿಗೆ ಹೂಂ ಅನ್ನೋದ್ರಲ್ಲಿದ್ದೆ ನಾನು. ನಾಡಿದ್ದು ಕಳಿಸಿಬಿಡ್ತಿದ್ದೆ."

ಅಪ್ಪನ ಮುಖ ಬಿಳಿಚಿಕೊಂಡಿತು. ಮಗಳ ಸಂಜೆಗಳನ್ನಷ್ಟೇ ಕದಿಯುತ್ತಿದ್ದೇನೆಂದು ಅವನು ತಿಳಿದಿದ್ದ. ಅವಳ ಸಮುದ್ರಕ್ಕೇ ಅಡ್ಡ ನಿಂತಿದ್ದೇನೆಂದು ಅವನಿಗೆ ಹೊಳೆದೇ ಇರಲಿಲ್ಲ. ಅದು ಅವನ ಮುಖದಲ್ಲೇ ಕಾಣುತ್ತಿತ್ತು. ಟವೆಲನ್ನು ಮೇಜಿನ ಮೇಲಿಟ್ಟು, "ಈಗ ನನ್ ಕಣ್ಣಿನ ಚಿಂತೆ ಇಲ್ಲವಲ್ಲ," ಎಂದ ಮೆಲ್ಲಗೆ. "ಸುಮ್ನೆ ಕೇಳ್ತೀನಿ. ಹತ್ತಿರದ್ದೂ ಒಳ್ಳೇ ಕಾಲೇಜೇ ಅಲ್ವಾ?"

ಇನ್ನೊಬ್ಬಳಾಗಿದ್ದರೆ ಆ ದನಿಗೆ ಕರಗುತ್ತಿದ್ದಳೇನೋ. ಇವಳಿಗೂ ಪಾಪ ಅನ್ನಿಸಿತು, ಇಲ್ಲವೆನ್ನುವಂತಿಲ್ಲ. ಆದರೆ ಹಟದಲ್ಲಿ ಅಪ್ಪನಿಗಿಂತ ಒಂದು ಕೈ ಮೇಲು.

"ಇಲ್ಲಪ್ಪ. ಹತ್ತಿರ ಇದ್ರೆ ನೀನು ತಪ್ಪು ಮಾಡ್ತಾನೇ ಇರ್ತೀಯ, ನಾನು ತಿದ್ದುತ್ತಾನೇ ಇರ್ತೀನಿ. ಇಬ್ರಿಗೂ ಅದೇ ಬದುಕು ಅನ್ಸಿಬಿಡುತ್ತೆ. ನಾನು ದೂರದ್ದಕ್ಕೇ ಹೋಗ್ತೀನಿ."

ಒಳಗಿನಿಂದ ಒಪ್ಪಿಗೆ ಪತ್ರ ತಂದು ಟ್ರೇಯ ಪಕ್ಕ ಇಟ್ಟಳು. ಅಪ್ಪ ಕನ್ನಡಕ ಏರಿಸಿ, ಸಣ್ಣ ಅಕ್ಷರದ್ದನ್ನೂ ಬಿಡದೆ ಓದಿ, ಪೋಷಕರ ಜಾಗದಲ್ಲಿ ಸಹಿ ಹಾಕಿದ. ಆಮೇಲೆ ಡ್ರಾಯರ್ ಎಳೆದು, ಮೂರು ಹಲ್ಲುಗಳನ್ನೂ ತಾನೇ ಬದಲಾಯಿಸಿದ. ಅವಳಿಗೆ ಐದು ನಿಮಿಷ ಹಿಡಿಯುತ್ತಿದ್ದ ಕೆಲಸ ಅವನ ಕೈಯಲ್ಲಿ ಅರೆಗಳಿಗೆಯಲ್ಲಿ ಮುಗಿಯಿತು.

"ನಾಳೆಯಿಂದ ಎಲ್ಲಾ ಸರಿ ಇರುತ್ತೆ," ಎಂದ ತಲೆ ಎತ್ತದೆ. "ಆದ್ರೂ ಬರ್ತೀಯಾ?"

"ಬರ್ತೀನಿ. ರೈಲು ಹತ್ತೋವರೆಗೂ ದಿನಾ ಬರ್ತೀನಿ."

"ನಲವತ್ತೊಂದು ಸಂಜೆ," ಎಂದ ಅಪ್ಪ. ದೂರದ ಕಾಲೇಜು ತೆರೆಯುವ ದಿನವನ್ನು ಅವನು ಯಾವತ್ತೋ ಎಣಿಸಿಟ್ಟಿದ್ದ.