ಗಾಯದ ಹಾಳೆಯಲ್ಲಿ ಕೂದಲು

"ಯಾವ ರಂಡಿದು ಲೇ ಇದು? ಬಾಯಿ ಬಿಡ್ರಿ!"

ಮ್ಯಾನೇಜರ್ ಓಂಪ್ರಕಾಶ ಎರಡು ಬೆರಳಲ್ಲಿ ಹಿಡಿದ ಕೂದಲೆಳೆಯನ್ನು, ಭಾಲ್ಕಿ, ಔರಾದ ಕಡೆಯಿಂದ ಮೊದಲ ಬಸ್ಸಿಗೆ ಬಂದು ಸಾಲಾಗಿ ನಿಂತ ಹೆಂಗಸರ ಮೂಗಿನ ಮುಂದೆ ಆಡಿಸಿದ. ಬೀದರಿನ ಹೊರಗಿನ ಆ ತಗಡಿನ ಶೆಡ್ಡಿಗೆ ಮಗ್ಗದ ಊರುಗಳಿಂದ ರೇಷ್ಮೆ ವೇಸ್ಟು ಮೂಟೆಗಟ್ಟಲೆ ಬರುತ್ತಿತ್ತು. ಅದನ್ನು ಸೋಡಾ ನೀರಲ್ಲಿ ಕುದಿಸಿ, ಒಣಗಿಸಿ, ಹಿಂಜಿ, ಸುಟ್ಟಗಾಯದ ಮೇಲೆ ಹಾಕುವ ಬಿಳಿ ಹಾಳೆ ಮಾಡುತ್ತಿದ್ದರು. ಎಳೆ ಎಳೆ ಬಿಡಿಸಿ ಕಸ, ಸತ್ತ ಹುಳ, ಕೂದಲು ಆರಿಸುವುದು ಹೆಂಗಸರ ಪಾಲು. ಒಂದು ಕೂದಲು ಕಂಡಿತೆಂದು ಆಸ್ಪತ್ರೆಯವರು ಇಡೀ ಮಾಲು ವಾಪಸು ಕಳಿಸಿದ್ದರು.

"ಮೂಟಿದಾಗೇ ಬರ್ತದರಿ ಸಾಹೇಬ್ರ," ಸಂತಪುರದ ಆಮ್ರಪಾಲಿ ಅಂದಳು. "ಅಲ್ಲಿ ನೇಯೋ ಹೆಂಗಸರಿಗಿ ತಲಿ ಇರಲ್ಲೇನ್ರಿ? ಟೊಪಗಿ ಕೊಡ್ರಿ ಅಂತ ಎಷ್ಟ್ ಸಲ ಬಡ್ಕೊಂಡೀವಿ."

"ಕೊಟ್ಟಿದ್ದಿಲ್ಲೇನ?"

"ದೊಡ್ಡ ಸಾಹೇಬ್ರು ಬಂದಾಗ ಕೊಟ್ರಿ. ಫೋಟೋ ಹೊಡ್ಕೊಂಡು ವಾಪಸ್ ಕಸ್ಕೊಂಡ್ರಿ."

ಯಾರೋ ಕಿಸಕ್ಕೆಂದರು. ಅದೇ ತಪ್ಪಾಯಿತು. ಓಂಪ್ರಕಾಶ ಒಬ್ಬೊಬ್ಬರ ಸೆರಗು ಸರಿಸಿ, ಕೂದಲನ್ನು ತಲೆಗೆ ಹಿಡಿದು ನೋಡುತ್ತ ಬಂದ. ವಜೀರಬೀ ಎರಡೂ ಕೈಯಲ್ಲಿ ಸೆರಗು ಬಿಗಿಹಿಡಿದಳು. ನಿಕಾಹ್ ಆದಂದಿನಿಂದ ಪರಗಂಡಸಿನೆದುರು ಬರಿದಾಗದ ತಲೆ ಅದು. ಅವನು ಎಳೆದ. ಪಿನ್ನು ಕಿತ್ತು ಬಂತು. ಮೆಹಂದಿ ಹಚ್ಚಿದ ಕೆಂಪು ಜಡೆ ಬೆನ್ನಿಗೆ ಬಿತ್ತು.

"ಸಿಕ್ಕಳು ನೋಡು!"

"ಅಲ್ಲಾ ಕಸಮ್ ರೀ, ಅದು ಕರೀದದ. ನಂದು ಲಾಲ್ ಅದ."

"ಕುದ್ದ ಮ್ಯಾಲ ಎಲ್ಲಾ ಒಂದೇ, ಭೋಸಡಿ. ಬೋಳಿಸ್ಕೋ, ಇಲ್ಲಂದ್ರ ಮನೀಗಿ ನಡಿ. ನಿನ್ನಿಂದ ಶುರು, ಆಮ್ಯಾಲ ಎಲ್ಲಾರ್ದೂ."

ಮನೆ. ಹಳೇ ಗೋಡೆ ಕೆಡವುವಾಗ ಸೊಂಟ ಮುರಿದುಕೊಂಡ ಗಂಡ ನಿಜಾಮೋದ್ದೀನ ಅಲ್ಲಿ ಮಲಗಿದಲ್ಲೇ ಇದ್ದ. ಒಲೆ ಹೊತ್ತಬೇಕಾದರೆ ಇವಳ ಕೈ ಆಡಬೇಕು. ವಜೀರಬೀ ಓಂಪ್ರಕಾಶನ ಕಾಲಿಗೆ ಬಿದ್ದಳು.

"ಕೂದ್ಲ ಒಂದು ಬಿಡ್ರಿ ಸಾಬ್. ಗಂಡ ಜೀವಂತ ಹಾನ್ರಿ. ಮೊಹಲ್ಲಾದಾಗ ಹ್ಯಾಂಗ ತಿರಗಲಿ?"

ಅವನು ಕಾಲು ಕೊಡವಿದ. ಕ್ಷೌರದ ಕುತುಬೋದ್ದೀನನನ್ನು ಆಗಲೇ ಕರೆಸಿಟ್ಟಿದ್ದ. ಅವನು ಅವಳದೇ ಗಲ್ಲಿಯವನು. ಕತ್ತರಿ ಹಿಡಿದು ನೆಲ ನೋಡಿದ.

"ನನ್ನ ಕೈಲೆ ಆಗಲ್ಲ ಭಾಭಿ."

"ನಿನಗ್ಯಾಕ ಗುನ್ಹಾ. ತಾ ಇಲ್ಲಿ."

ಕಸಿದುಕೊಂಡು ಕುತ್ತಿಗೆಯ ಹತ್ತಿರವೇ ಜಡೆಗೆ ಕತ್ತರಿ ಹಾಕಿದಳು. "ಈಗ ಶಾಣ್ಯಾಕಿ ಆದಿ," ಎಂದು ಓಂಪ್ರಕಾಶ ನಕ್ಕ.

ವಜೀರಬೀ ಜಡೆ, ಕತ್ತರಿ ಎರಡನ್ನೂ ಹಿಡಿದು ನೆಟ್ಟಗೆ ಒಳಕೋಣೆಗೆ ಹೋದಳು. ಆರಿಸಿ ಹಿಂಜಿ, ನಾಳೆ ಹಾಳೆಯಾಗಬೇಕಿದ್ದ ಬಿಳಿ ರಾಶಿ ಅಲ್ಲಿ ಮೊಣಕಾಲೆತ್ತರ ಬಿದ್ದಿತ್ತು. ನಡುವೆ ಕೂತಳು. ಜಡೆಯನ್ನು ಸಣ್ಣಗೆ, ಇನ್ನೂ ಸಣ್ಣಗೆ ಕತ್ತರಿಸಿ, ರೊಟ್ಟಿ ಹಿಟ್ಟು ನಾದಿದ ಹಾಗೆ ಕೈತುಂಬ ಕಲಸಿದಳು.

"ಏ ಹುಚ್ಚಿ! ಹಿಡೀರ್‍ಲೇ ಆಕೀಗಿ!"

ಯಾರೂ ಹಿಡಿಯಲಿಲ್ಲ.

"ಈಗ ಹುಡುಕ್ರಿ ಸಾಬ್," ಅಂದಳು. "ಈಗ ನಂದೇ ಅದ."

ಅವನ ಚಪ್ಪಲಿ ಅವಳ ಬರಿಗುತ್ತಿಗೆಗೆ ಬಿತ್ತು, ಮತ್ತೆ ಬಿತ್ತು. ಅವಳು ಕಲಸುತ್ತಲೇ ಇದ್ದಳು. ಆಮ್ರಪಾಲಿ ತುರುಬು ಬಿಚ್ಚುತ್ತ ಬಂದು ರಾಶಿಯಲ್ಲಿ ಕೂತು, ಕತ್ತರಿಗೆ ಕೈ ಚಾಚಿದಳು.