ಸೋದರ ಸಂಘದ ಮಹಡಿ

ಊರಿನ ಹೆಂಗಸರು ಆ ಕಟ್ಟಡಕ್ಕೆ ಇಟ್ಟ ಹೆಸರು ಗಂಡಸರ ಹೆರಿಗೆಮನೆ. "ಬಾಗಿಲು ಹಾಕ್ಕೊಂಡು ಗಂಟೆಗಟ್ಟಲೆ ಒದ್ದಾಡ್ತಾರೆ ಕಣ್ರೇ, ಇವತ್ತಿಗೂ ಒಂದು ಕೂಸೂ ಹೊರಗೆ ಬಂದಿಲ್ಲ" ಎಂದು ನಗುತ್ತಿದ್ದರು. ನಗು ಬೀದಿಯಲ್ಲಿ ಮಾತ್ರ. ಯಾರ ಮನೆಯ ಗಂಡಸು ಕಾಯಿಲೆ ಬಿದ್ದರೂ ಅವರ ಒಲೆ ಆರದಂತೆ ನೋಡಿಕೊಳ್ಳುತ್ತಿದ್ದುದು ಅದೇ ಕಟ್ಟಡ ಎನ್ನುವುದು ಎಲ್ಲರಿಗೂ ಗೊತ್ತಿತ್ತು.

ಎರಕದ ಕಾರ್ಖಾನೆಯ ಕೆಲಸಗಾರರು ರಜೆಯ ದಿನಗಳಲ್ಲಿ ತಾವೇ ಇಟ್ಟಿಗೆ ಹೊತ್ತು ಕಟ್ಟಿದ್ದು ಅದು. ಕೆಳಗೆ ಬಾಡಿಗೆಗೆ ಅಂಗಡಿ, ಮೇಲೆ ಸೋದರ ಸಂಘದ ಹಜಾರ. ಜ್ವರ ಹಬ್ಬಿದ ವರ್ಷ ಅಂಗಡಿ ಖಾಲಿ ಮಾಡಿಸಿ ರೋಗಿಗಳನ್ನು ಮಲಗಿಸಿದ್ದರು. ಮುಷ್ಕರದ ವರ್ಷ ಅಲ್ಲೇ ದೊಡ್ಡ ಒಲೆ ಹೂಡಿದ್ದರು. ಆದರೆ ಮಹಡಿಗೆ ಮಾತ್ರ ಯಾವ ಹೆಂಗಸೂ ಕಾಲಿಟ್ಟವಳಲ್ಲ. ಸಂಘದ ಹಿರಿಯನಿಗೆ ದೊಡ್ಡಣ್ಣ ಎನ್ನುತ್ತಿದ್ದರು, ಬಾಗಿಲು ಕಾಯುವವನಿಗೆ ಬಾಗಿಲಣ್ಣ. ಮಹಡಿಯ ಮಾತು ಮೆಟ್ಟಿಲಿಳಿಯಬಾರದು ಎನ್ನುವುದು ಅವರ ಮೊದಲ ಕಟ್ಟಳೆ. ಸಾಯುವ ಸೋದರ ಒಬ್ಬಂಟಿಯಾಗಿ ಸಾಯಬಾರದು ಎನ್ನುವುದು ಎರಡನೆಯದು. ಅವನ ಸುತ್ತ ನಿಂತು, ಉಸಿರು ನಿಲ್ಲುವ ತನಕ, ಸಂಘದ ಪ್ರತಿಜ್ಞೆಯನ್ನು ಗಟ್ಟಿಯಾಗಿ ಹೇಳುತ್ತಲೇ ಇರಬೇಕು.

ಬಾಗಿಲಣ್ಣನ ಹೆಂಡತಿ ಟೈಲರಮ್ಮ. ಸಂಘದವರು ಹೆಗಲಿಗೆ ಹಾಕುವ ಬಿಳಿ ಪಟ್ಟಿಗಳನ್ನು ಹೊಲಿದು ಇಸ್ತ್ರಿ ಮಾಡಿ ಕೊಡುತ್ತಿದ್ದವಳು ಅವಳೇ. ಮಗನಿಗೂ ಒಂದು ಹೊಲಿದಿದ್ದಳು. ಹುಡುಗ ಬಿದಿರಿನ ಹಾಗೆ ಬೆಳೆದಿದ್ದ, ಮನೆಯಲ್ಲಿ ಎಲ್ಲರೂ ಕೊಕ್ಕರೆ ಎಂದೇ ಕರೆಯುತ್ತಿದ್ದರು. ಅಪ್ಪನ ಜೊತೆ ಕಾರ್ಖಾನೆಗೆ ಸೇರಿದ, ಅಪ್ಪನ ಜೊತೆ ಸಂಘಕ್ಕೂ ಸೇರಿದ. ಆ ಪಟ್ಟಿಯ ಗಂಜಿ ಇನ್ನೂ ಮುರಿದಿರಲಿಲ್ಲ, ಕಾರ್ಖಾನೆಯಲ್ಲಿ ಭಾರ ಎತ್ತುವ ಸರಪಳಿ ತುಂಡಾಗಿ ಎರಕದ ಅಚ್ಚೊಂದು ಅವನ ಎದೆಯ ಮೇಲೆ ಬಿತ್ತು.

ಆಸ್ಪತ್ರೆ ದೂರ. ಸಂಘದ ಕಟ್ಟಡ ಕಾರ್ಖಾನೆಯ ಎದುರಿಗೇ. ಎತ್ತಿಕೊಂಡು ಮಹಡಿಗೆ ಹೋದರು. ಟೈಲರಮ್ಮ ಕೊರಳಲ್ಲಿ ಅಳತೆ ಟೇಪು ತೂಗಾಡುತ್ತಿದ್ದ ಹಾಗೇ ಓಡಿ ಬಂದಳು. ಅಷ್ಟರಲ್ಲಿ ಬಾಗಿಲು ಹಾಕಿತ್ತು. ಒಳಗೆ ಗಂಡಸರ ದನಿಗಳು ಒಂದಾಗಿ ಏರುತ್ತಿದ್ದವು. ಅವಳು ಬಾಗಿಲು ಬಡಿದಳು, ಒದ್ದಳು, ಗಂಡನ ಹುಟ್ಟನ್ನೇ ಎತ್ತಿ ಬೈದಳು. ಹಲಗೆಯ ಆಚೆ ಗಂಡ ಕೆಮ್ಮಿದ್ದು ಕೇಳಿಸಿತು, ಚಿಲಕದ ಸದ್ದು ಕೇಳಿಸಲಿಲ್ಲ. ಬಾಗಿಲು ತೆರೆದಾಗ ಮಗನನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಯಾಗಿತ್ತು.

ಅವಳಿಗೆ ಬೇಕಾಗಿದ್ದುದು ಒಂದೇ. ಕೊನೆಗೆ ಅವನು ಏನಂದ? ಅಮ್ಮಾ ಅಂದನೇ?

ಮೊದಲು ಗಂಡನ ಅಂಗಿ ಹಿಡಿದು ಕೇಳಿದಳು. ಆಮೇಲೆ ಅನ್ನ ಬಡಿಸುತ್ತ ಕೇಳಿದಳು. ಕೊನೆಕೊನೆಗೆ ಮಗ ಹೋದ ದಿನ ಬಂದಾಗ ಮಾತ್ರ ಕೇಳುತ್ತಿದ್ದಳು. ಯಾವಾಗ ಕೇಳಿದರೂ ಒಂದೇ ಉತ್ತರ: "ಮಹಡಿ ಮಾತು ಮಹಡಿಯಲ್ಲೇ ಇರ್ಲಿ ಬಿಡೇ." ಆ ದಿನದಿಂದ ಅವಳು ಸಂಘಕ್ಕೆ ಒಂದು ಗುಂಡಿಯನ್ನೂ ಹಾಕಿಕೊಡಲಿಲ್ಲ. ಆದರೆ ಗಂಡನ ತಲೆ ಕಂಡಾಗಲೆಲ್ಲ ಅನ್ನಿಸುತ್ತಿತ್ತು, ಮಗನ ಕೊನೆಯ ಮಾತು ಅದರೊಳಗೆ ಬೆಚ್ಚಗಿದೆ ಎಂದು. ಅವನಿಗೆ ಜ್ವರ ಬಂದರೆ ಅವಳು ನಿದ್ದೆಗೆಟ್ಟು ಕೂರುತ್ತಿದ್ದಳು. ಪ್ರೀತಿ ಎಂದುಕೊಂಡರು ನೆರೆಯವರು.

ಕಾರ್ಖಾನೆ ಮುಚ್ಚಿತು. ದೊಡ್ಡಣ್ಣ ಹೋದ, ಅವನ ಹಿಂದೆ ಒಬ್ಬೊಬ್ಬರೇ ಹೋದರು. ಉಳಿದವನು ಬಾಗಿಲಣ್ಣ ಒಬ್ಬನೇ. ಕಟ್ಟಡವನ್ನು ಪುರಸಭೆಯವರು ಕೆಡವಿಸುವುದೆಂದಾಯಿತು. ಸಾಮಾನು ಒಯ್ಯಲು ಗುಜರಿಯವನು ಬರುವ ಬೆಳಿಗ್ಗೆ ಅವನು ಬೀಗದ ಕೈ ತೆಗೆದುಕೊಂಡು ಹೊರಟಾಗ ಟೈಲರಮ್ಮನೂ ಚಪ್ಪಲಿ ಮೆಟ್ಟಿದಳು.

"ನೀನೆಲ್ಲಿಗೆ?"

"ಮಹಡಿಗೆ. ಮಹಡಿ ಮಾತು ಮಹಡಿಯಲ್ಲೇ ತಾನೇ? ಅಲ್ಲೇ ಹೇಳಿ. ನಾಳೆ ಮಹಡಿಯೇ ಇರಲ್ಲ."

ಅವನು ಬೇಡ ಎನ್ನಲಿಲ್ಲ.

ಅವಳು ಇಷ್ಟು ವರ್ಷ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಹಜಾರ ದೊಡ್ಡದಾಗಿತ್ತು. ಇದು ಸಣ್ಣದು. ಗೋಡೆಗುಂಟ ಬೆಂಚುಗಳು, ಪಾರಿವಾಳದ ಹಿಕ್ಕೆ, ನಡುವೆ ಒಂದು ಉದ್ದ ಮೇಜು.

"ಇದೇನಾ? ಇದಕ್ಕೇನಾ ಇಷ್ಟೊಂದು ಬೀಗ ಚಿಲಕ?" ಎಂದಳು. ಬೆಂಚಿನ ಧೂಳು ಒರೆಸಿ ಕೂತಳು. "ಹ್ಞೂಂ. ಹೇಳಿ."

ಅವನು ಕೂರಲಿಲ್ಲ. ಬಾಗಿಲ ಹತ್ತಿರವೇ ನಿಂತ.

"ನಾನು ಬಾಗಿಲಣ್ಣ ಕಣೇ."

"ಗೊತ್ತಿಲ್ಲದ ಸುದ್ದಿ ಹೇಳ್ರೀ."

"ಬಾಗಿಲಣ್ಣ ಬಾಗಿಲ ಕಡೆ ಮುಖ ಮಾಡಿ ನಿಲ್ಲಬೇಕು. ಒಳಗೆ ಏನೇ ಆಗ್ಲಿ, ತಿರುಗೋ ಹಾಗಿಲ್ಲ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕೈ ಬೆಂಚಿನ ಅಂಚನ್ನು ಹಿಡಿದುಕೊಂಡಿತು.

"ನೀವು ನೋಡ್ಲಿಲ್ವಾ?"

"ಇಲ್ಲ."

"ಕಿವಿ ಇತ್ತಲ್ಲ?"

"ಹಿಂದೆ ಅಷ್ಟು ಜನ ಗಟ್ಟಿಯಾಗಿ ಹೇಳ್ತಿದ್ರು. ಮುಂದೆ ನೀನು ಬಡೀತಿದ್ದೆ. ನನಗೆ ಕೇಳಿಸಿದ್ದು ನಿನ್ನ ಕೂಗೊಂದೇ."

"ಆಮೇಲೆ? ಅವರನ್ನ ಕೇಳ್ಲಿಲ್ವಾ?"

"ಕೇಳಿದೆ. ದೊಡ್ಡಣ್ಣನ ಕಾಲು ಹಿಡಿದೆ. ಸುತ್ತ ನಿಂತವರು ಕಂಡದ್ದು ಸುತ್ತ ನಿಂತವರಿಗೇ, ಬಾಗಿಲಣ್ಣನಿಗೂ ಇಲ್ಲ ಅಂದ. ಅವರೆಲ್ಲ ಆ ಮಾತನ್ನ ಕಟ್ಕೊಂಡೇ ಹೋದರು."

"ಮತ್ತೆ ನನಗೆ ಯಾಕೆ ಹೇಳ್ಲಿಲ್ಲ?" ಅವಳ ದನಿ ಏರಲಿಲ್ಲ. "ಇಷ್ಟು ವರ್ಷ ಕೇಳಿದೆನಲ್ಲ, ಒಂದು ಸಲ ಗೊತ್ತಿಲ್ಲ ಅನ್ನೋಕೆ ಏನು ದಾಡಿ ಆಗಿತ್ತು ನಿಮಗೆ?"

ಅವನು ಗೋಡೆಗೆ ಕೈಯಾನಿಸಿದ. "ಗೊತ್ತಿದ್ದೂ ಬಾಯಿ ಬಿಡದ ಕಲ್ಲು ಅಂತ ನೀನು ಬೈದೆ, ನಾನು ಬೈಸಿಕೊಂಡೆ. ಮಗ ಬೆನ್ನ ಹಿಂದೆ ಸಾಯ್ತಿದ್ರೂ ತಿರುಗದ ಅಪ್ಪ ಅಂತ ತಿಳಿದಿದ್ರೆ ನನಗೆ ಅನ್ನ ಹಾಕ್ತಿದ್ದೆಯಾ ನೀನು?"

ಹಾಕುತ್ತಿದ್ದಳೋ ಇಲ್ಲವೋ ಅವಳಿಗೂ ತಿಳಿಯದು. ಎದ್ದು ಮೇಜಿನ ಬಳಿ ಹೋದಳು.

"ಇದರ ಮೇಲೇ ಮಲಗಿಸಿದ್ದಾ?"

"ಇರಬೇಕು."

"ತಲೆ ಯಾವ ಕಡೆ?"

"ಗೊತ್ತಿಲ್ಲ."

"ಉದ್ದ ಸಾಲ್ತಾ ಅವನಿಗೆ? ಕಾಲು ಹೊರಗೆ ನೇತಾಡ್ತಿತ್ತೋ ಏನೋ. ಯಾರಾದರೂ ಹಿಡ್ಕೊಂಡಿದ್ರಾ?"

ಅವನು ಬಾಗಿಲ ಕಡೆ ಮುಖ ತಿರುಗಿಸಿದ.

ತಲೆ ಎಲ್ಲಿತ್ತು ಎಂದು ಗೊತ್ತಿಲ್ಲದ್ದರಿಂದ ಅವಳು ಮೇಜನ್ನು ಈ ತುದಿಯಿಂದ ಆ ತುದಿಯವರೆಗೂ ಅಂಗೈಯಿಂದ ಸವರಿದಳು. ಒಂದಿಂಚೂ ಬಿಡಲಿಲ್ಲ. ಮೆಟ್ಟಿಲ ಮೇಲೆ ಗುಜರಿಯವನ ಆಳುಗಳ ಗದ್ದಲ ಕೇಳಿಸಿತು.

"ಸ್ವಲ್ಪ ಸರೀರಿ ಅಜ್ಜಿ, ಒಳ್ಳೇ ಮರ ಇದು, ಭಾರ ಇದೆ" ಎನ್ನುತ್ತ ಒಬ್ಬ ಮೇಜಿನ ಕಾಲು ಹಿಡಿದ. ಅವಳು ಸರಿದಳು.

ಆಮೇಲೆ ಆ ವರ್ಷವೂ ಮಗ ಹೋದ ದಿನ ಬಂತು. ಗಂಡ ತಟ್ಟೆಯ ಮುಂದೆ ಕೂತು ತುತ್ತು ಕಲಸುತ್ತಲೇ ಇದ್ದ, ಎತ್ತಲಿಲ್ಲ. ಅವಳು ಬಡಿಸಿದಳು, ಸಾಕಾ ಎಂದಳು, ಪಾತ್ರೆ ಮುಚ್ಚಿದಳು. ಇವನಿಗೆ ಏನಾದರೂ ಆದರೆ ಎಂಬ ಹೆದರಿಕೆ ತನ್ನಿಂದ ಯಾವಾಗ ಹೋಯಿತೋ ಅವಳಿಗೇ ನೆನಪಿರಲಿಲ್ಲ. ಕೆಮ್ಮುತ್ತಿದ್ದ ಮುದುಕ ಅಷ್ಟೇ, ಒಳಗೇನೂ ಇಲ್ಲದವನು.

"ಈ ಸಲಾನೂ ಕೇಳೇ" ಎಂದ ಅವನು.

"ಏನನ್ನ?"

"ಏನಾದರೂ. ಬೈಯಾದ್ರೂ ಬೈಯಿ."

"ಊಟ ಮಾಡಿ, ಆರಿ ಹೋಗತ್ತೆ" ಎಂದು ಅವಳು ಹೊಲಿಗೆಗೆ ಹೋಗಿ ಕೂತಳು.